ಒಂದು ಕ್ರಿಯಾಪದ, ಹಲವು ರೂಪ

ಇಂಗ್ಲಿಷಿನ ‘ವೇರ್’ ಎಂಬ ಕ್ರಿಯಾಪದವನ್ನು ಕೊರಿಯನ್ ಭಾಷೆಗೆ ತರುವಾಗ, ಪಟ್ಟಕದಲ್ಲಿ ಹಾಯ್ದ ಬಿಳಿಯ ಬೆಳಕಿನಂತೆ ಅದು ಹಲವಾಗಿ ಒಡೆಯುತ್ತದೆ. ಬಟ್ಟೆಗೆ ‘ಇಪ್ತಾ’, ಪಾದರಕ್ಷೆಗೆ ‘ಸಿನ್ತಾ’, ಟೋಪಿಗೆ ‘ಸ್ಸುದಾ’, ಉಂಗುರಕ್ಕೆ ‘ಕ್ಕಿದಾ’, ಕೈಗಡಿಯಾರಕ್ಕೆ ‘ಚಾದಾ’. ಇದು ನಮಗೆ ಹೊಸತಲ್ಲ; ನಾವೂ ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಹೂ ಮುಡಿಯುತ್ತೇವೆ, ಕೆರ ಮೆಟ್ಟುತ್ತೇವೆ. ವಿಭಾಗದ ಗೆರೆಗಳು ಮಾತ್ರ ಬೇರೆ: ಸೀರೆಗೂ ಅಂಗಿಗೂ ಅವರದು ‘ಇಪ್ತಾ’ ಒಂದೇ.

ಇನ್ನೊಂದು ತೊಡಕುಂಟು. ‘ಇಪ್ಕೋ ಇತ್ತಾ’ ಎಂದರೆ ‘ತೊಡುತ್ತಿದ್ದಾನೆ’ ಎಂದೂ ಆಗಬಹುದು, ‘ತೊಟ್ಟಿದ್ದಾನೆ’ ಎಂದೂ ಆಗಬಹುದು. ಕ್ರಿಯೆಯೋ ಸ್ಥಿತಿಯೋ ಎಂಬುದನ್ನು ಸಂದರ್ಭದಿಂದಲೇ ತಿಳಿಯಬೇಕು. ಕನ್ನಡದಲ್ಲಾದರೋ ಇವೆರಡೂ ಬೇರೆಬೇರೆ. ಆದಕಾರಣ ಕೊರಿಯನ್ ಕಲಿಯುವ ಕನ್ನಡಿಗನು ‘ವೇರ್’ ಎಂಬುದರಿಂದ ಹೊರಡದೆ, ‘ಏನನ್ನು? ದೇಹದ ಯಾವ ಭಾಗದಲ್ಲಿ?’ ಎಂದು ತನ್ನ ನುಡಿಯಲ್ಲಿಯೇ ಕೇಳಿಕೊಂಡು ಹೊರಡುವುದು ಲೇಸು.