ಬ್ಯಾಟರಿಗೆ ಹಿಡಿಯುವ ಕಿಲುಬು

ಕಾರಿನ ಬ್ಯಾಟರಿಯ ಮೇಲೆ ಸೀಸದ ಎರಡು ಮೋಟು ಕಂಬಗಳಿರುತ್ತವೆ. ಒಂದು ಧನಾಗ್ರ, ಇನ್ನೊಂದು ಋಣಾಗ್ರ. ಇವುಗಳ ಸುತ್ತ ಬಿಳಿ ಅಥವಾ ನೀಲಿ-ಹಸಿರು ಪುಡಿ ಕಟ್ಟಿಕೊಂಡಿರುವುದನ್ನು ನೀವು ನೋಡಿರಬಹುದು. ಇದೇ ಕಿಲುಬು.

ಕಾರಣ: 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರಚಿಸಿದ ಸೀಸ-ಆಮ್ಲ ಕೋಶದ ತತ್ತ್ವವೇ ಇಂದಿನ ಕಾರುಗಳ ಬ್ಯಾಟರಿಯಲ್ಲೂ ಇದೆ. ಸುಮಾರು 2 ವೋಲ್ಟಿನ 6 ಕೋಶಗಳು ಸೇರಿ 12 ವೋಲ್ಟಾಗುತ್ತದೆ. ಒಳಗಿರುವುದು ಸಾರರಿಕ್ತ ಗಂಧಕಾಮ್ಲ. ಚಾರ್ಜ್ ಆಗುವಾಗ ಏಳುವ ಅನಿಲದ ಗುಳ್ಳೆಗಳೊಡನೆ ಆಮ್ಲದ ಸೂಕ್ಷ್ಮ ಹನಿಗಳೂ ಹೊರಬಂದು ಲೋಹವನ್ನು ತಿನ್ನುತ್ತವೆ. ಸೀಸದಿಂದ ಬಿಳಿಯ ಸೀಸದ ಸಲ್ಫೇಟು, ತಾಮ್ರದ ತಂತಿಯಿಂದ ನೀಲಿಯ ತಾಮ್ರದ ಸಲ್ಫೇಟು ಉಂಟಾಗುತ್ತವೆ. ಎರಡನೆಯದು ನಮಗೆ ಹೊಸದಲ್ಲ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತೇ ಅದು. ಕಾಸರಗೋಡಿನಂಥ ಕರಾವಳಿಯ ಉಪ್ಪುಗಾಳಿ, ಮಳೆಗಾಲದ ತೇವ ಈ ಕಿಲುಬನ್ನು ಇನ್ನೂ ಬೇಗ ಬೆಳೆಸುತ್ತವೆ.

ಪರಿಣಾಮ: ಕಿಲುಬಿನ ರೋಧ 0.02 ಓಮ್ ಎಂದಿಟ್ಟುಕೊಳ್ಳಿ. ಓಮನ ನಿಯಮದಂತೆ, ದೀಪಗಳಿಗೆ 5 ಆಂಪಿಯರ್ ಹರಿದರೆ ನಷ್ಟ ಬರೇ 0.1 ವೋಲ್ಟು. ಆದರೆ ಎಂಜಿನ್ ತಿರುಗಿಸುವ ಸ್ಟಾರ್ಟರಿಗೆ 150 ಆಂಪಿಯರ್ ಹರಿಯಬೇಕಾದರೆ ನಷ್ಟ 3 ವೋಲ್ಟು! ಆದ್ದರಿಂದ ದೀಪ ಉರಿದರೂ ಗಾಡಿ ಹೊರಡದು. ನಡುರಾತ್ರಿ ರೋಗಿಯನ್ನು ಆಸ್ಪತ್ರೆಗೆ ಒಯ್ಯುವಾಗ ಹೀಗಾದರೆ ಗತಿಯೇನು? ಬ್ಯಾಟರಿ ಕೆಟ್ಟಿತೆಂದು ತಿಳಿದು ಹೊಸದಕ್ಕೆ ಹಣ ಸುರಿಯುವವರೂ ಇದ್ದಾರೆ. ಕೆಟ್ಟದ್ದು ಬ್ಯಾಟರಿಯಲ್ಲ, ಜೋಡಣೆ.

ಶುಚಿಗೊಳಿಸುವ ಕ್ರಮ (ಹಿರಿಯರು ಮಾಡಲಿ, ಮಕ್ಕಳು ನೋಡಿ ಕಲಿಯಲಿ):

1. ಎಂಜಿನ್ ನಿಲ್ಲಿಸಿರಿ. ಬೆಂಕಿ, ಬೀಡಿ ಹತ್ತಿರ ಸುಳಿಯಬಾರದು. ಬ್ಯಾಟರಿಯಿಂದ ಬರುವ ಜಲಜನಕ ಸ್ಫೋಟಿಸೀತು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರಿನ ಗವಸು ಇರಲಿ.

2. ಮೊದಲು ಋಣಾಗ್ರದ ತಂತಿಯನ್ನು, ಅನಂತರ ಧನಾಗ್ರದ್ದನ್ನು ಬಿಚ್ಚಿರಿ. ಕಾರಿನ ಲೋಹದ ಮೈ ಋಣಾಗ್ರಕ್ಕೆ ಸೇರಿಕೊಂಡಿದೆ. ಧನಾಗ್ರವನ್ನೇ ಮೊದಲು ಬಿಚ್ಚಹೋಗಿ ಸ್ಪ್ಯಾನರು ಮೈಗೆ ತಗಲಿದರೆ ದೊಡ್ಡ ಕಿಡಿ ಹಾರುತ್ತದೆ.

3. ಒಂದು ಲೋಟ ನೀರಿಗೆ ಒಂದು ಚಮಚ ಅಡಿಗೆ ಸೋಡ ಕದಡಿ, ಹಳೆಯ ಬ್ರಷ್ಷಿನಿಂದ ತಿಕ್ಕಿರಿ. ನೊರೆಯಾಗಿ ಏಳುವುದು ಇಂಗಾಲದ ಡೈಆಕ್ಸೈಡು. ಹಿತ್ತಾಳೆ ಪಾತ್ರೆಯ ಕಿಲುಬಿಗೆ ಹುಣಸೆಹುಳಿ ಸರಿ. ಆಮ್ಲದಿಂದ ಬಂದ ಈ ಕಿಲುಬಿಗೆ ಕ್ಷಾರವೇ ಮದ್ದು. ಸೋಡದ ನೀರು ಬ್ಯಾಟರಿಯೊಳಗೆ ಇಳಿಯದಂತೆ ಎಚ್ಚರವಿರಲಿ.

4. ಶುದ್ಧ ನೀರಿನಿಂದ ತೊಳೆದು, ಒಣಬಟ್ಟೆಯಿಂದ ಒರಸಿರಿ.

5. ಮೊದಲು ಧನಾಗ್ರ, ಕೊನೆಗೆ ಋಣಾಗ್ರ ಜೋಡಿಸಿ ಬಿಗಿ ಮಾಡಿರಿ. ಆಮೇಲೆ ಹೊರಗಿನಿಂದ ವ್ಯಾಸಲೀನನ್ನು ತೆಳುವಾಗಿ ಸವರಿರಿ. ಅದು ವಿದ್ಯುದ್ವಾಹಕವಲ್ಲ, ಗಾಳಿ, ತೇವ ಮತ್ತು ಆಮ್ಲ ಲೋಹಕ್ಕೆ ತಾಗದಂತೆ ತಡೆಯುವುದಷ್ಟೇ ಅದರ ಕೆಲಸ.

ಮಳೆಗಾಲಕ್ಕೆ ಮೊದಲೊಮ್ಮೆ, ಮಳೆ ಕಳೆದ ಮೇಲೊಮ್ಮೆ ಹೀಗೆ ಮಾಡಿದರೆ ಸಾಕು. ಚಮಚ ಸೋಡ, ಬೆರಳಷ್ಟು ವ್ಯಾಸಲೀನು, ಅರ್ಧ ಗಂಟೆಯ ಶ್ರಮ. ಬೇಕಾದ ಹೊತ್ತಿಗೆ ಗಾಡಿ ಹೊರಟೀತು.