ಚಿತ್ರಕಥೆಯಿಂದ ಚಲನಚಿತ್ರಕ್ಕೆ: ಅವಗಣಿತ ರೂಪಾಂತರಗಳು ಮತ್ತು ‘ಸಾಲು’ ಎಂಬ ಪರಿಕಲ್ಪನೆ

ಕನ್ನಡದಲ್ಲಿ ‘ಚಿತ್ರಕಥೆ’ ಎಂಬ ಪದಕ್ಕೆ ಎರಡು ಅರ್ಥಗಳು ಬಳಕೆಯಲ್ಲಿವೆ. ಚೌಕಟ್ಟುಗಳಲ್ಲಿ ಬರೆದ ಚಿತ್ರಗಳೂ ಮಾತಿನ ಗುಳ್ಳೆಗಳೂ ಸೇರಿ ಕಥೆ ಹೇಳುವ ಪುಸ್ತಕ ಒಂದು. ಚಲನಚಿತ್ರದ ಶೀರ್ಷಿಕೆಗಳಲ್ಲಿ ‘ಕಥೆ’ ಮತ್ತು ‘ಸಂಭಾಷಣೆ’ಗಳ ನಡುವೆ ಕಾಣಿಸಿಕೊಳ್ಳುವ ದೃಶ್ಯರಚನೆ ಇನ್ನೊಂದು. ಒಂದೇ ಪದ ಎರಡು ಕಲೆಗಳನ್ನು ಸೂಚಿಸುತ್ತಿದ್ದರೂ ಅವುಗಳ ನಡುವಣ ಸಂಬಂಧವನ್ನು ಕನ್ನಡ ವಿಮರ್ಶೆ ಅಷ್ಟಾಗಿ ವಿಚಾರಿಸಿಲ್ಲ. ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ಕಲಾವಿದರ ಮೂಲಕ ಮಳವಳ್ಳಿ ಮೂರು ಬೇರೆ ಬೇರೆ ಕಥನಮಾಧ್ಯಮಗಳಿಗೆ ಪರಿಚಿತವಾಗಿದೆ: ರಂಗಭೂಮಿಗೆ ಮಳವಳ್ಳಿ ಸುಂದರಮ್ಮ, ಚಿತ್ರಸಾಹಿತ್ಯಕ್ಕೆ ಮಳವಳ್ಳಿ ಸಾಯಿಕೃಷ್ಣ, ಮಂಟೇಸ್ವಾಮಿ ಪರಂಪರೆಯ ಗಾಯನಕ್ಕೆ ಮಳವಳ್ಳಿ ಮಹದೇವಸ್ವಾಮಿ. ಕಾಮಿಕ್ಸ್ ಆಧಾರಿತ ಚಲನಚಿತ್ರಗಳಲ್ಲಿ ಅವಗಣನೆಗೆ ಗುರಿಯಾದ ಕೆಲವನ್ನು ಪರಿಶೀಲಿಸುವ ಪ್ರಸ್ತುತ ಲೇಖನವು ತನಗೆ ಬೇಕಾದ ವಿಮರ್ಶೆಯ ಪರಿಭಾಷೆಯನ್ನು ಈ ಮೂರರಲ್ಲಿ ಕೊನೆಯದರಿಂದ ಪಡೆಯಲು ಯತ್ನಿಸುತ್ತದೆ.

ಕನ್ನಡದಲ್ಲಿ ರೂಪಾಂತರದ ಚರ್ಚೆ ಬಹುಮಟ್ಟಿಗೆ ಕಾದಂಬರಿಯ ಸುತ್ತ ಬೆಳೆದಿದೆ. ‘ಸಂಸ್ಕಾರ’ (1970), ‘ವಂಶವೃಕ್ಷ’ (1972), ‘ನಾಗರಹಾವು’ (1972), ‘ಕಾಡು’ (1973), ‘ಘಟಶ್ರಾದ್ಧ’ (1977) ಮುಂತಾದವು ಪಠ್ಯಗಳಲ್ಲಿಯೂ ವಿಚಾರಸಂಕಿರಣಗಳಲ್ಲಿಯೂ ಮತ್ತೆ ಮತ್ತೆ ಎದುರಾಗುತ್ತವೆ. ಇಲ್ಲಿ ಕೇಳಲಾಗುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಮೂಲಕೃತಿಯ ಆಶಯಕ್ಕೆ ಚಿತ್ರ ಎಷ್ಟು ನಿಷ್ಠವಾಗಿದೆ? ಕಾದಂಬರಿಗೆ ಆದಿ ಮತ್ತು ಅಂತ್ಯಗಳಿರುವುದರಿಂದ ಈ ಪ್ರಶ್ನೆಗೆ ಅರ್ಥವಿದೆ. ದಶಕಗಳ ಕಾಲ ಕಂತುಗಳಲ್ಲಿ ಬೆಳೆಯುವ, ಮುಗಿಯಬೇಕೆಂಬ ಹಂಬಲವೇ ಇಲ್ಲದ ಚಿತ್ರಕಥೆಗೆ ಅದನ್ನು ಕೇಳಿದಾಗ ಉತ್ತರ ದೊರೆಯುವುದಿಲ್ಲ. ಯಾವ ಕಂತಿಗೆ ನಿಷ್ಠೆ? ಯಾವ ಕಲಾವಿದನ ರೇಖೆಗೆ ನಿಷ್ಠೆ? ಇಂತಹ ಚಿತ್ರಗಳಲ್ಲಿ ಹಲವು ಕಡೆಗಣಿಸಲ್ಪಡಲು ಅವುಗಳ ದೋಷಗಳು ಎಷ್ಟು ಕಾರಣವೋ ಅವುಗಳನ್ನು ಅಳೆಯಲು ಬಳಸಿದ ಕೋಲೂ ಅಷ್ಟೇ ಕಾರಣವಾಗಿದೆ.

ಚಿತ್ರಕಥೆ ಕನ್ನಡಕ್ಕೆ ಹೊರಗಿನದೆಂಬ ಭಾವನೆಯನ್ನೂ ಇಲ್ಲಿಯೇ ಪರಿಶೀಲಿಸಬೇಕು. ‘ಅಮರ ಚಿತ್ರಕಥೆ’ ಮಾಲಿಕೆ ಮೊದಲು ಬಂದದ್ದು ಕನ್ನಡದಲ್ಲಿ. 1965ರಲ್ಲಿ ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಂ ಅವರ ಆಸಕ್ತಿಯಿಂದ ಪಾಶ್ಚಾತ್ಯ ಮಕ್ಕಳ ಕಥೆಗಳು ಕನ್ನಡ ಚಿತ್ರಕಥೆಗಳಾಗಿ ಹೊರಬಂದವು. ಕಾರ್ಕಳ ಮೂಲದ ಅನಂತ ಪೈ ಅವರ ಸಂಪಾದಕತ್ವದ ‘ಕೃಷ್ಣ’ ಸಂಚಿಕೆಗೆ 11ನೆಯ ಕ್ರಮಾಂಕ ಬಂದುದಕ್ಕೆ ಕಾರಣ ಅದಕ್ಕೆ ಮೊದಲು ಬಂದಿದ್ದ ಈ 10 ಸಂಚಿಕೆಗಳೇ. ಮಾಲಿಕೆಯ ಕೀರ್ತಿ ಮುಂದೆ ಇಂಗ್ಲಿಷಿನ ಮೂಲಕ ಹಬ್ಬಿತು; ಕನ್ನಡದ ಆರಂಭ ಅಡಿಟಿಪ್ಪಣಿಯಾಗಿ ಉಳಿಯಿತು. ಟೈಮ್ಸ್ ಆಫ್ ಇಂಡಿಯಾ ಬಳಗವು 1964ರ ಮಾರ್ಚಿಯಲ್ಲಿ ಆರಂಭಿಸಿ 1990ರವರೆಗೆ ನಡೆಸಿದ ‘ಇಂದ್ರಜಾಲ ಕಾಮಿಕ್ಸ್’ ಇತರ ಭಾರತೀಯ ಭಾಷೆಗಳಂತೆ ಕನ್ನಡದಲ್ಲಿಯೂ ಬಂದಿತ್ತು. ಅನುವಾದ ಸಾಹಿತ್ಯದ ಚರಿತ್ರೆಗಳು ಶೇಕ್ಸ್‌ಪಿಯರನ ಒಂದೊಂದು ಅನುವಾದವನ್ನೂ ಎಣಿಸುತ್ತವೆ. ಒಂದು ಇಡೀ ತಲೆಮಾರಿಗೆ ಓದಿನ ರುಚಿ ಹತ್ತಿಸಿದ ಈ ಹಾಳೆಗಳಿಗೆ ಅಲ್ಲಿ ಒಂದು ಪ್ಯಾರಾ ದೊರೆತರೆ ಹೆಚ್ಚು.

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ಪ್ರಮುಖ ಗದ್ದುಗೆ. ಅದೇ ತಾಲ್ಲೂಕಿನ ಹಲಗೂರು ಆ ಕಾವ್ಯದ ಒಂದು ನಿರ್ಣಾಯಕ ರಣರಂಗ: ಗುರುವಿನ ಅಪ್ಪಣೆಯಂತೆ ಕಬ್ಬಿಣದ ಭಿಕ್ಷೆಗೆ ಬಂದ ಸಿದ್ಧಪ್ಪಾಜಿಯನ್ನು ಹಲಗೂರಿನ ಪಾಂಚಾಳರು ಕಠೋರ ಪರೀಕ್ಷೆಗಳಿಗೆ ಒಡ್ಡುವ ಪ್ರಸಂಗ ಇಲ್ಲಿಯದು. ನೀಲಗಾರರು ತಂಬೂರಿ ಹಿಡಿದು ಹಾಡುವ ಈ ಕಾವ್ಯ ‘ಸಾಲು’ಗಳಾಗಿ ವಿಂಗಡಿತವಾಗಿದೆ. ಮಲೆಯ ಮಾದೇಶ್ವರ ಕಾವ್ಯದಲ್ಲಿಯೂ ಇದೇ ವ್ಯವಸ್ಥೆ ಇದೆ. ಸಾಲು ಅಧ್ಯಾಯವಲ್ಲ. ಅಧ್ಯಾಯಕ್ಕೆ ಹಿಂದಿನ ಅಧ್ಯಾಯದ ಓದು ಬೇಕು. ಸಾಲು ತಾನಾಗಿಯೇ ಪೂರ್ಣವಾಗಿದ್ದೂ ಕೇಳುಗನ ನೆನಪಿನಲ್ಲಿರುವ ಉಳಿದ ಸಾಲುಗಳ ಬಲದಿಂದ ತುಂಬಿಕೊಳ್ಳುತ್ತದೆ. ಕಲಾವಿದ ಯಾವ ಸಾಲಿನಿಂದಲಾದರೂ ತೊಡಗಬಹುದು. ನಾಯಕ ಯಾರೆಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರಿಗಾಗಿ ಆರಂಭದಲ್ಲಿ ಸ್ಮರಣೆಯಿದೆ. ಕಾಮಿಕ್ಸಿನ ಕಂತುಗಳೂ ಇದೇ ಬಗೆಯಲ್ಲಿ ಬದುಕುತ್ತವೆ. ಆದುದರಿಂದ ಕಾಮಿಕ್ಸ್ ಆಧಾರಿತ ಚಿತ್ರವನ್ನು ‘ಕೃತಿಯ ರೂಪಾಂತರ’ ಎಂದು ನೋಡುವುದಕ್ಕಿಂತ ‘ಮತ್ತೊಂದು ಸಾಲು’ ಎಂದು ನೋಡುವುದು ಹೆಚ್ಚು ಫಲಕಾರಿ ಎಂಬುದು ಇಲ್ಲಿಯ ಪ್ರತಿಪಾದನೆ.

ಇದಕ್ಕೆ ಮೊದಲ ಪರೀಕ್ಷೆ ಸೈಮನ್ ವಿನ್ಸರ್ ನಿರ್ದೇಶನದ ‘ದಿ ಫ್ಯಾಂಟಮ್’ (1996). ಲೀ ಫಾಕ್ ಬರೆದು ರೇ ಮೂರ್ ಚಿತ್ರಿಸಿದ ಫ್ಯಾಂಟಮ್ 1936ರ ಫೆಬ್ರವರಿ 17ರಂದು ಪತ್ರಿಕೆಗಳಲ್ಲಿ ಮೊದಲಾಯಿತು; ಫಾಕ್ 1999ರಲ್ಲಿ ನಿಧನರಾಗುವವರೆಗೂ ಅದನ್ನು ಬರೆದರು. ‘ಇಂದ್ರಜಾಲ’ದ ಮೊದಲ ಸಂಚಿಕೆಯ ನಾಯಕನೂ ಈತನೇ. ಕಡಲ್ಗಳ್ಳರು ತಂದೆಯನ್ನು ಕೊಂದಾಗ ದಡ ಸೇರಿದ ಮಗ ಹಂತಕನ ತಲೆಬುರುಡೆಯ ಮೇಲೆ ಪ್ರತಿಜ್ಞೆ ಮಾಡುತ್ತಾನೆ. ತಂದೆಯಿಂದ ಮಗನಿಗೆ ಮುಖವಾಡ ಸಲ್ಲುತ್ತ 21 ತಲೆಮಾರು ಕಳೆಯುತ್ತವೆ. ಕಾಡಿನ ಜನ ಮಾತ್ರ ಒಬ್ಬನೇ ಸಾವಿಲ್ಲದ ಪುರುಷನಿದ್ದಾನೆಂದು ನಂಬುತ್ತಾರೆ. ಈ ಕಥೆಯನ್ನು ಅನುಮಾನವಿಲ್ಲದೆ ಓದಲು ಇಂದು ಸಾಧ್ಯವಿಲ್ಲ. ಬಿಳಿಯ ಮನೆತನವೊಂದು ಕಪ್ಪು ಜನರ ನಡುವೆ ದೈವವಾಗಿ ಆಳುವ ಕಲ್ಪನೆ ವಸಾಹತುಶಾಹಿಯ ಸುಖಸ್ವಪ್ನವೇ ಸರಿ. ಆರಂಭದ ಕಂತುಗಳಲ್ಲಿದ್ದ ಭಾರತೀಯ ಛಾಯೆಯ ಹೆಸರುಗಳು ಇಲ್ಲಿಯ ಓದುಗರಿಗೆ ಮುಜುಗರ ತರುವಂತಿದ್ದವೆಂಬುದಕ್ಕೆ ‘ಇಂದ್ರಜಾಲ’ ಮಾಡಿಕೊಂಡ ತಿದ್ದುಪಡಿಗಳೇ ಸಾಕ್ಷಿ: ‘ಸಿಂಗ್’ ಕಡಲ್ಗಳ್ಳರು ‘ಸಿಂಗಾ’ ಆದರು, ಹಂತಕ ‘ರಾಮ’ ‘ರಾಮಲು’ ಆದ, ನಾಡು ‘ದೆಂಕಾಲಿ’ ಆಯಿತು. ಅನುವಾದದಲ್ಲಿ ನಡೆದ ಈ ಸಣ್ಣ ಪ್ರತಿರೋಧ ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾಗಿದೆ.

ಚಿತ್ರ ಅಮೆರಿಕದಲ್ಲಿ ಗಳಿಕೆಯ ದೃಷ್ಟಿಯಿಂದ ಸೋತಿತು. ಸುಮಾರು 4.5 ಕೋಟಿ ಡಾಲರ್ ವೆಚ್ಚದ ಚಿತ್ರ ಅಲ್ಲಿ 2 ಕೋಟಿಯನ್ನೂ ಮುಟ್ಟಲಿಲ್ಲ. 1989ರ ‘ಬ್ಯಾಟ್‌ಮನ್’ ನಂತರ ನಾಯಕನೆಂದರೆ ಕತ್ತಲು, ಗಾಯ, ಒಳತೋಟಿ ಎಂಬ ನಿರೀಕ್ಷೆ ಬೆಳೆದಿತ್ತು. ಬಿಲ್ಲಿ ಝೇನ್ ಅಭಿನಯದ ಫ್ಯಾಂಟಮ್ ಹಗಲು ಬೆಳಕಿನಲ್ಲಿ, ನೇರಳೆ ಉಡುಪಿನಲ್ಲಿ, ನಗುತ್ತ ಕುದುರೆಯೇರಿ ಬಂದ. ಆದರೆ ಸಾಲಿನ ದೃಷ್ಟಿಯಿಂದ ಚಿತ್ರ ಮಾಡಿದ ಆಯ್ಕೆಗಳು ಗಮನಾರ್ಹವಾಗಿವೆ. ಮೂಲಪುರುಷನ ಕಥೆಯನ್ನೇ ಇಡೀ ಚಿತ್ರವಾಗಿ ಹಿಗ್ಗಿಸುವ ಅಭ್ಯಾಸವನ್ನು ಅದು ಒಪ್ಪಲಿಲ್ಲ. ತಡವಾಗಿ ಬಂದವರಿಗಾಗಿ ಎಂದು ಕಾಮಿಕ್ಸ್ ಪದೇ ಪದೇ ಬಳಸುತ್ತಿದ್ದ ಒಕ್ಕಣೆಯಿಂದಲೇ ತೊಡಗಿ ಕೆಲವೇ ನಿಮಿಷಗಳಲ್ಲಿ ವಂಶದ ವೃತ್ತಾಂತ ಮುಗಿಸಿ, ನೇರವಾಗಿ 1938ಕ್ಕೆ ನೆಗೆಯಿತು. ಇದು ಸ್ಮರಣೆ ಮುಗಿಸಿ ಸಾಲಿಗೆ ಇಳಿಯುವ ಕ್ರಮ. ಕಥಾವಸ್ತುವಿಗೂ ಫಾಕ್‌ನ ಆರಂಭದ ಎರಡು ಕಂತುಗಳನ್ನು ಸಡಿಲವಾಗಿ ಬೆಸೆಯಲಾಗಿದೆ. ಕಾಮಿಕ್ಸಿನಲ್ಲಿ ಮುಖವಾಡದ ಹಿಂದೆ ಕಣ್ಣುಪಾಪೆಗಳನ್ನು ಬರೆಯುವುದಿಲ್ಲ. ಆತನ ಅಮರತ್ವದ ಭ್ರಮೆ ಆ ಬರಿದಾದ ಬಿಳುಪಿನಲ್ಲಿದೆ. ಚಿತ್ರದಲ್ಲಿ ನಟನ ಕಣ್ಣುಗಳು ಕಾಣುತ್ತವೆ. ಅದರೊಂದಿಗೆ ದೈವ ಮರೆಯಾಗಿ, ಸತ್ತ ತಂದೆಯ ಛಾಯೆಯೊಡನೆ ಮಾತಾಡುವ ಮಗ ಉಳಿಯುತ್ತಾನೆ. ವಸಾಹತುಶಾಹಿ ಚೌಕಟ್ಟನ್ನು ಚಿತ್ರ ಮುರಿಯಲಿಲ್ಲ ಎಂಬ ಆಕ್ಷೇಪ ನಿಲ್ಲುತ್ತದೆ. ಅವಗಣಿತವಾದುದೆಲ್ಲ ನಿರ್ದೋಷಿಯೆಂದು ವಾದಿಸುವ ಅಗತ್ಯವಿಲ್ಲ.

‘ಅಮೆರಿಕನ್ ಸ್ಪ್ಲೆಂಡರ್’ (2003) ಇದಕ್ಕಿಂತ ಮೇಲಾದ, ಬಹುಶಃ ಈ ಪ್ರಕಾರದ ಅತ್ಯಂತ ವಿಚಾರಪೂರ್ಣ ಚಿತ್ರ. ಕ್ಲೀವ್‌ಲ್ಯಾಂಡ್ ನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಕಡತಗಳ ಗುಮಾಸ್ತನಾಗಿದ್ದ ಹಾರ್ವೆ ಪೀಕರ್ 1976ರಿಂದ ತನ್ನ ದಿನನಿತ್ಯದ ಬದುಕನ್ನೇ ಕಾಮಿಕ್ಸ್ ಆಗಿ ಪ್ರಕಟಿಸಿದ. ಆತನಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ರಾಬರ್ಟ್ ಕ್ರಂಬ್ ಮೊದಲಾದ ಬೇರೆ ಬೇರೆ ಕಲಾವಿದರು ಬರೆದರು. ಹೀಗಾಗಿ ಪುಸ್ತಕದಲ್ಲಿ ಒಬ್ಬನೇ ಪೀಕರ್ ಇಲ್ಲ. ನಿರ್ದೇಶಕರಾದ ಶಾರಿ ಸ್ಪ್ರಿಂಗರ್ ಬರ್ಮನ್ ಮತ್ತು ರಾಬರ್ಟ್ ಪುಲ್ಚಿನಿ ಈ ಬಹುತ್ವವನ್ನೇ ಚಿತ್ರದ ವ್ಯಾಕರಣವಾಗಿಸಿದರು. ಪಾಲ್ ಜಿಯಾಮಾಟಿ ಪೀಕರ್ ಪಾತ್ರ ವಹಿಸಿದರೆ ನಿಜವಾದ ಪೀಕರ್ ನಿರೂಪಕನಾಗಿ ಮಾತಾಡುತ್ತಾನೆ, ತೆರೆಯ ಮೇಲೂ ಬರುತ್ತಾನೆ. ರೇಖಾಚಿತ್ರದ ಪೀಕರ್ ಬೇರೆ. ಆತನನ್ನು ಮೊದಲ ಬಾರಿ ಕಾಣಲು ಬರುವ ಜಾಯ್ಸ್, ನಿಲ್ದಾಣದಲ್ಲಿ ಯಾವ ಕಲಾವಿದ ಬರೆದ ಹಾರ್ವೆ ತನ್ನನ್ನು ಎದುರುಗೊಳ್ಳುವನೋ ಎಂದು ಕಲ್ಪಿಸಿಕೊಳ್ಳುವ ದೃಶ್ಯ ಮೌಖಿಕ ಕಾವ್ಯದ ಅಭ್ಯಾಸಿಗೆ ತಟ್ಟನೆ ಅರ್ಥವಾಗುತ್ತದೆ. ಸಿದ್ಧಪ್ಪಾಜಿಯೂ ಒಬ್ಬೊಬ್ಬ ನೀಲಗಾರನ ಕಂಠದಲ್ಲಿ ಒಬ್ಬೊಬ್ಬ. ಪಾಠಾಂತರಗಳನ್ನು ಸೋಸಿ ಶುದ್ಧಪಾಠ ಹುಡುಕುವ ಗ್ರಂಥಸಂಪಾದನೆಯ ಶಿಸ್ತಿಗೆ ಇದು ತೊಡಕು. ಚಿತ್ರ ಆ ತೊಡಕಿನಲ್ಲಿಯೇ ನೆಲೆಸುತ್ತದೆ. ಸನ್‌ಡಾನ್ಸ್ ಉತ್ಸವದಲ್ಲಿ ಅದಕ್ಕೆ ಮುಖ್ಯ ಪ್ರಶಸ್ತಿ ದೊರೆತರೂ, ಕಾಮಿಕ್ಸ್ ಆಧಾರಿತ ಚಿತ್ರಗಳೆಂದೊಡನೆ ನೆನಪಾಗುವ ಹೆಸರುಗಳಲ್ಲಿ ಅದು ಇಲ್ಲ. ಅತಿಮಾನವನಿಲ್ಲದ ಕಾಮಿಕ್ಸ್ ಕಾಮಿಕ್ಸೇ ಅಲ್ಲವೆಂಬ ಪೂರ್ವಗ್ರಹ ಇಲ್ಲಿ ಕೆಲಸ ಮಾಡಿದೆ.

ಡೇನಿಯಲ್ ಕ್ಲೋಸ್ ಅವರ ಕೃತಿಯಿಂದ ಟೆರ್ರಿ ಜ್ವಿಗಾಫ್ ರೂಪಿಸಿದ ‘ಘೋಸ್ಟ್ ವರ್ಲ್ಡ್’ (2001) ಭಾರತೀಯ ಪ್ರೇಕ್ಷಕನಿಗೆ ವಿಚಿತ್ರವಾದ ಸ್ವಾಗತ ಕೋರುತ್ತದೆ: 1965ರ ಹಿಂದಿ ಚಿತ್ರ ‘ಗುಮ್ನಾಮ್’ನ, ಮಹಮ್ಮದ್ ರಫಿ ಹಾಡಿದ ನೃತ್ಯಗೀತೆಗೆ ನಾಯಕಿ ತನ್ನ ಕೋಣೆಯಲ್ಲಿ ಕುಣಿಯುತ್ತಾಳೆ. ಕಾಮಿಕ್ಸಿನಲ್ಲಿ ಈ ಹಾಡಿಲ್ಲ. ಪುಟಗಳ ಮೇಲೆ ಹರಡಿದ ತಿಳಿನೀಲಿ ಹಸಿರಿನ ಒಂದೇ ಛಾಯೆ ನೀಡುತ್ತಿದ್ದ ಏಕಾಕಿತನವನ್ನು ಚಿತ್ರ ಬಣ್ಣದಿಂದ ತರಲಾರದೆ ದೂರದೇಶದ ಹಾಡಿನಿಂದ ತಂದಿತು. ಸ್ಯಾಮ್ ಮೆಂಡಿಸ್ ಅವರ ‘ರೋಡ್ ಟು ಪರ್ಡಿಶನ್’ (2002) ಖ್ಯಾತಿಯ ಚಿತ್ರವೇ. ಅವಗಣನೆಗೆ ಒಳಗಾದದ್ದು ಅದರ ಮೂಲ. ಮ್ಯಾಕ್ಸ್ ಅಲನ್ ಕಾಲಿನ್ಸ್ ಬರೆದು ರಿಚರ್ಡ್ ಪಿಯರ್ಸ್ ರೇನರ್ ಚಿತ್ರಿಸಿದ 1998ರ ಕಾಮಿಕ್ಸ್ ಅದಕ್ಕೆ ಆಧಾರವೆಂಬುದು ಚಿತ್ರ ನೋಡಿದ ಬಹಳ ಮಂದಿಗೆ ತಿಳಿಯದು. ಮಳೆಯಲ್ಲಿ ಗುಂಡು ಹಾರುವಾಗ ಸದ್ದು ಅಡಗಿ ಸಂಗೀತವಷ್ಟೇ ಉಳಿಯುವ ಪ್ರಸಿದ್ಧ ದೃಶ್ಯ, ಮುದ್ರಿತ ಚೌಕಟ್ಟಿನ ಸಹಜ ಮೌನವನ್ನು ಸಿನಿಮಾ ತನ್ನದಾಗಿಸಿಕೊಂಡ ಕ್ಷಣ.

ನೆರೆಯ ಭಾಷೆಗಳಲ್ಲಿ ಈ ದಾರಿ ಬೇಗ ತೆರೆಯಿತು. ಟಾಮ್ಸ್ ಅವರ ಜನಪ್ರಿಯ ವ್ಯಂಗ್ಯಚಿತ್ರಮಾಲೆ ‘ಬೋಬನುಂ ಮೋಳಿಯುಂ’ 1971ರಲ್ಲಿಯೇ ಮಲಯಾಳಂ ಚಿತ್ರವಾಯಿತು. ಮರಾಠಿಯಲ್ಲಿ ಚಾರುಹಾಸ್ ಪಂಡಿತ್ ಮತ್ತು ಪ್ರಭಾಕರ ವಾಡೇಕರ್ ಅವರ ಪತ್ರಿಕಾ ಚಿತ್ರಮಾಲೆ 2012ರಲ್ಲಿ ‘ಚಿಂಟೂ’ ಎಂಬ ಚಿತ್ರವಾಗಿ ಬಂತು. ಎರಡಕ್ಕೂ ತಮ್ಮ ಭಾಷೆಯಾಚೆ ಗಂಭೀರ ಚರ್ಚೆ ದೊರೆತಿಲ್ಲ. ಕನ್ನಡ ಚಿತ್ರರಂಗಕ್ಕೆ ಕಥೆ ಒದಗಿದ್ದು ಮೊದಲು ಕಂಪನಿ ನಾಟಕದಿಂದ, ಆಮೇಲೆ ಕಾದಂಬರಿಯಿಂದ. ಅಮರ ಚಿತ್ರಕಥೆಯ ತವರಾಗಿದ್ದರೂ ಕನ್ನಡದ ತೆರೆ ಅತ್ತ ತಿರುಗಲಿಲ್ಲ.

ಸಾಲು ಬೇರೆ ಮಾಧ್ಯಮಕ್ಕೆ ಸಾಗಲಾರದೆಂದೇನೂ ಇಲ್ಲ. ಎಚ್.ಎಸ್. ಶಿವಪ್ರಕಾಶ್ ಅವರ ‘ಮಂಟೇಸ್ವಾಮಿ ಕಥಾಪ್ರಸಂಗ’ ಆ ಕಾವ್ಯವನ್ನು ಆಧುನಿಕ ರಂಗಭೂಮಿಗೆ ತಂದಿತು, ವಿಮರ್ಶೆ ಅದನ್ನು ಗೌರವದಿಂದ ಬರಮಾಡಿಕೊಂಡಿತು. ಹಲಗೂರಿನ ಪ್ರಸಂಗದಲ್ಲಿ ಪರೀಕ್ಷೆಗಳು ಒಂದರ ಹಿಂದೆ ಒಂದು ಬರುತ್ತವೆ; ಪ್ರತಿಯೊಂದೂ ಒಂದು ನಿಶ್ಚಲ ಬಿಂಬದಂತೆ ನಿಂತು, ತಂಬೂರಿಯ ಶ್ರುತಿಯ ಒಂದು ತುಸು ಬಿಡುವಿನ ನಂತರ ಮುಂದಿನದಕ್ಕೆ ಎಡೆ ಕೊಡುತ್ತದೆ. ಕಾಮಿಕ್ಸಿನಲ್ಲಿ ಎರಡು ಚೌಕಟ್ಟುಗಳ ನಡುವೆ ಬಿಟ್ಟ ಬಿಳಿಯ ಜಾಗ ಮಾಡುವ ಕೆಲಸವನ್ನು ಇಲ್ಲಿ ಆ ಬಿಡುವು ಮಾಡುತ್ತದೆ: ನಡೆದದ್ದೇನೆಂಬುದನ್ನು ಕೇಳುಗನೇ ತುಂಬಿಕೊಳ್ಳುತ್ತಾನೆ. ಆ ಬಿಡುವನ್ನು ತೆರೆಯ ಮೇಲೆ ಏನು ಮಾಡಬೇಕೆಂಬ ಪ್ರಶ್ನೆಗೆ ‘ಅಮೆರಿಕನ್ ಸ್ಪ್ಲೆಂಡರ್’ ಒಂದು ಉತ್ತರ ಕೊಟ್ಟಿದೆ, ಮಳೆಯ ದೃಶ್ಯ ಇನ್ನೊಂದು. ಮಳವಳ್ಳಿ ಸೀಮೆಯ ಸಾಲುಗಳನ್ನು ಕುರಿತು ಆ ಪ್ರಶ್ನೆಯನ್ನು ಕೇಳುವ ಕೆಲಸ ಇನ್ನೂ ಬಾಕಿಯಿದೆ.