ಋಣ ಘಾತಾಂಕದಲ್ಲಿ ಯಾವುದು ಚಿಕ್ಕದು? ಎಂಟನೆಯ ತರಗತಿಯ ಒಂದು ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ ಎಂಟನೆಯ ತರಗತಿಗೆ ಘಾತಾಂಕಗಳ ಘಟಕದಿಂದ ‘ಅತಿ ಚಿಕ್ಕ ಅಳತೆಗಳ ಹೋಲಿಕೆ’ ಎಂಬ ಭಾಗವನ್ನು ಬೋಧಿಸಿದೆ. 0.000007 ಅನ್ನು 7 × 10⁻⁶ ಎಂದು ಬರೆಯುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಆದರೆ ಹೀಗೆ ಬರೆದ ಎರಡು ಅಳತೆಗಳಲ್ಲಿ ಯಾವುದು ದೊಡ್ಡದು ಎಂದು ಕೇಳಿದಾಗ, ಸರಿಯುತ್ತರಗಳೆಲ್ಲ ಸರಿಯಾದ ತಿಳಿವಳಿಕೆಯಿಂದಲೇ ಬರುವುದಿಲ್ಲ. ಇದನ್ನು ಪತ್ತೆಹಚ್ಚುವಂಥ ಸಂಖ್ಯೆಗಳ ಆಯ್ಕೆ ಹೇಗಿರಬೇಕು ಎಂಬುದೇ ಈ ಲೇಖನದ ವಿಷಯ.

ಪೂರ್ವಜ್ಞಾನ: ಪೂರ್ಣಾಂಕಗಳಲ್ಲಿ –6 ಎಂಬುದು –7ಕ್ಕಿಂತ ದೊಡ್ಡದು, 10⁻¹ ಎಂದರೆ ಹತ್ತನೇ ಒಂದು ಪಾಲು, ಆಧಾರ ಒಂದೇ ಇದ್ದರೆ ಭಾಗಾಕಾರದಲ್ಲಿ ಘಾತಾಂಕಗಳನ್ನು ಕಳೆಯಬೇಕು.

ಚಟುವಟಿಕೆ 1: ಹಾಳೆಯ ದಪ್ಪ

500 ಹಾಳೆಗಳ ಎ4 ಕಾಗದದ ಕಟ್ಟನ್ನು ಮೇಜಿನ ಮೇಲಿಟ್ಟು ಸ್ಕೇಲಿನಿಂದ ಅಳೆಸಿದೆ. ಎತ್ತರ ಸುಮಾರು 5 ಸೆಂ.ಮೀ. ಅಂದರೆ ಒಂದು ಹಾಳೆಯ ದಪ್ಪ 0.01 ಸೆಂ.ಮೀ., ಅಥವಾ 1 × 10⁻⁴ ಮೀ. ಮುಂದಿನ ಎಲ್ಲ ಹೋಲಿಕೆಗೂ ಮಕ್ಕಳ ಕೈಗೆ ಸಿಗುವ ಅಳತೆ ಇದೇ. ಬಳಿಕ ಕಪ್ಪುಹಲಗೆಯ ಮೇಲೆ ಏಣಿಯೊಂದನ್ನು ಬರೆದು, 1 ಮೀಟರ್‌ನಿಂದ ಆರಂಭಿಸಿ 10⁻¹, 10⁻² ಎಂದು ಕೆಳಗಿಳಿಸಿದೆ. ಒಂದು ಮೆಟ್ಟಿಲು ಇಳಿದರೆ ಹತ್ತನೇ ಒಂದು ಪಾಲು ಮಾತ್ರ ಉಳಿಯುತ್ತದೆ.

ಚಟುವಟಿಕೆ 2: ಜೋಡಿಗಳ ಹೋಲಿಕೆ

ಮೊದಲ ಜೋಡಿ: ಕೆಂಪು ರಕ್ತಕಣದ ವ್ಯಾಸ ಸುಮಾರು 7 × 10⁻⁶ ಮೀ.; ಫ್ಲೂ ವೈರಸ್ಸಿನ ವ್ಯಾಸ ಸುಮಾರು 1 × 10⁻⁷ ಮೀ. ಬಹುತೇಕರು ರಕ್ತಕಣವೇ ದೊಡ್ಡದು ಎಂದರು. ಕಾರಣ ಕೇಳಿದಾಗ ಕೆಲವರು, “1ಕ್ಕಿಂತ 7 ದೊಡ್ಡದಲ್ವಾ ಮಿಸ್” ಎಂದರು. ಉತ್ತರ ಸರಿ, ಕಾರಣ ತಪ್ಪು.

ಎರಡನೆಯ ಜೋಡಿ: ಬ್ಯಾಕ್ಟೀರಿಯವೊಂದರ ಉದ್ದ 2 × 10⁻⁶ ಮೀ.; ಕೆಂಪು ಬೆಳಕಿನ ತರಂಗಾಂತರ ಸುಮಾರು 7 × 10⁻⁷ ಮೀ. ತರಂಗಾಂತರ ಎಂಬ ಪದ ಈ ಮಕ್ಕಳಿಗೆ ಹೊಸದಾದ್ದರಿಂದ ಅದೂ ಒಂದು ಉದ್ದವೆಂದಷ್ಟೇ ಹೇಳಿದೆ. ಇಲ್ಲಿ ಮುಂದಿನ ಅಂಕಿಯನ್ನಷ್ಟೇ ನೋಡುವವರು 7 ದೊಡ್ಡದೆನ್ನುತ್ತಾರೆ. ಘಾತಾಂಕದ ಋಣ ಚಿಹ್ನೆಯನ್ನು ಮರೆತವರೂ 6ಕ್ಕಿಂತ 7 ದೊಡ್ಡದೆನ್ನುತ್ತಾರೆ. ಎರಡು ತಪ್ಪು ದಾರಿಗಳೂ ತಪ್ಪು ಉತ್ತರಕ್ಕೇ ಒಯ್ಯುವುದರಿಂದ ಮಗುವಿನ ಯೋಚನೆ ಸ್ಪಷ್ಟವಾಗಿ ಕಾಣುತ್ತದೆ. ತಪ್ಪಿದವರನ್ನು ಏಣಿಯ ಬಳಿ ಕರೆದು ಎರಡನ್ನೂ ಗುರುತಿಸಲು ಹೇಳಿದಾಗ, ತಾವೇ ಉತ್ತರ ತಿದ್ದಿಕೊಂಡರು.

ಮೂರನೆಯ ಜೋಡಿ: 45 × 10⁻⁷ ಮತ್ತು 3 × 10⁻⁶. ಘಾತಾಂಕ ನೋಡಿದರೆ ಎರಡನೆಯದು ದೊಡ್ಡದೆನಿಸುತ್ತದೆ. ಆದರೆ 45 × 10⁻⁷ ಅನ್ನು ಆದರ್ಶ ರೂಪಕ್ಕೆ ತಂದರೆ 4.5 × 10⁻⁶, ಅದೇ ದೊಡ್ಡದು. ಮುಂದಿನ ಸಂಖ್ಯೆ 1 ಅಥವಾ ಅದಕ್ಕಿಂತ ಹೆಚ್ಚು, ಆದರೆ 10ಕ್ಕಿಂತ ಕಡಿಮೆ ಇರಬೇಕೆಂಬ ನಿಯಮ ಏಕಿದೆ ಎಂಬುದು ಇಲ್ಲಿ ಮನವರಿಕೆಯಾಗುತ್ತದೆ. ಆ ನಿಯಮ ಪಾಲಿಸಿದ್ದರೆ ಮಾತ್ರ ಘಾತಾಂಕವನ್ನು ಮೊದಲು ನೋಡಿ ತೀರ್ಮಾನಿಸಬಹುದು. ಘಾತಾಂಕ ಸಮನಾಗಿದ್ದಾಗಷ್ಟೇ ಮುಂದಿನ ಸಂಖ್ಯೆಯ ಸರದಿ.

ಎಷ್ಟು ಪಟ್ಟು?

ರಕ್ತಕಣದಿಂದ ವೈರಸ್ಸಿನ ಅಳತೆ ಕಳೆದರೆ 6.9 × 10⁻⁶ ಮೀ. ಬರುತ್ತದೆ. ಇದರಿಂದ ಮಕ್ಕಳ ಮನಸ್ಸಿನಲ್ಲಿ ಯಾವ ಚಿತ್ರವೂ ಮೂಡುವುದಿಲ್ಲ. ಭಾಗಿಸಿದರೆ (7 ÷ 1) × 10⁻⁶⁻⁽⁻⁷⁾ = 7 × 10¹, ಅಂದರೆ 70 ಪಟ್ಟು. ಹಾಗೆಯೇ ಹಾಳೆಯ ದಪ್ಪವನ್ನು ರಕ್ತಕಣದ ವ್ಯಾಸದಿಂದ ಭಾಗಿಸಿದರೆ ಸುಮಾರು 14. ಒಂದು ಹಾಳೆಯ ದಪ್ಪದಷ್ಟು ಜಾಗದಲ್ಲಿ 14 ರಕ್ತಕಣಗಳು ಸಾಲಾಗಿ ನಿಲ್ಲುತ್ತವೆ ಎಂದಾಗ ಮಕ್ಕಳು ನೋಟ್‌ಬುಕ್ಕಿನ ಹಾಳೆಯನ್ನು ಬೆರಳಲ್ಲಿ ಹಿಡಿದು ನೋಡಿದರು.

ಮೌಲ್ಯಮಾಪನಕ್ಕೆ ಸಲಹೆ

ಘಟಕ ಪರೀಕ್ಷೆಗೆ ಜೋಡಿಗಳನ್ನು ಆರಿಸುವಾಗ, ಸಾಮಾನ್ಯ ತಪ್ಪು ದಾರಿಗಳಲ್ಲಿ ಹೋದರೂ ಸರಿಯುತ್ತರ ಸಿಗುತ್ತದೆಯೇ ಎಂದು ಮೊದಲು ನಾವೇ ಬಿಡಿಸಿ ನೋಡಬೇಕು. ಸಿಗುವಂತಿದ್ದರೆ ಸಂಖ್ಯೆಗಳನ್ನು ಬದಲಿಸುವುದು ಲೇಸು. ಜೊತೆಗೆ ‘ಕಾರಣ ಕೊಡಿ’ ಎಂಬ ಭಾಗಕ್ಕೂ ಒಂದು ಅಂಕ ಮೀಸಲಿಟ್ಟರೆ, ಉತ್ತರಪತ್ರಿಕೆಯಿಂದಲೇ ಮುಂದಿನ ಪರಿಹಾರ ಬೋಧನೆಯನ್ನು ಯೋಜಿಸಬಹುದು.